ಮಗಳಿಗೊಂದು ಪತ್ರ: ಕಿಟಕಿಯ ಬಾಟಲಿ

ಗಂಗಾವತಿ

ಚಿರಂಜೀವಿ ಸುಧಾಳಿಗೆ ಅಪ್ಪನ ಆಶೀರ್ವಾದಗಳು.

"ನೊಣದ ಸಲುವಾಗಿ ಅಣ್ಣನ ಮದುವೆ ಬಿಡುತ್ತೀಯೇನು" ಎಂದು ಭಾನುವಾರ ಫೋನಿನಲ್ಲಿ ನಾನು ಕೂಗಾಡಿದ್ದು ನಿನ್ನ ಅವ್ವನಿಗೂ ಸರಿ ಬಂದಿಲ್ಲ. ಅಂದಿನಿಂದ ಆಕೆ ನನ್ನ ತಾಟಿಗೆ ರೊಟ್ಟಿ ಹಾಕುತ್ತಾಳೆಯೇ ಹೊರತು ಮಾತಾಡುತ್ತಿಲ್ಲ. ನಿನ್ನ ಹಣ್ಣುನೊಣದ ಸಂಶೋಧನೆಯ ಬಗ್ಗೆ ನೀನು ಹಿಂದೆ ಕೊಟ್ಟಿದ್ದ, ನಾನು ಮಡಚಿ ಇಟ್ಟುಬಿಟ್ಟಿದ್ದ ಹಾಳೆಗಳನ್ನು ಆ ರಾತ್ರಿ ತೆಗೆದು ಓದಿದೆ. ಹೆಣ್ಣುನೊಣ ಕೋಶದಿಂದ, ಅಂದರೆ ಹುಳು ನೊಣವಾಗುವ ಗೂಡಿನಿಂದ, ಹೊರಬಂದ ಸುಮಾರು 8 ತಾಸಿನೊಳಗೆ ಅದನ್ನು ಬೇರ್ಪಡಿಸದಿದ್ದರೆ ಮರಿಗಳ ತಂದೆ ಯಾರೆಂಬುದೇ ತಿಳಿಯದೆ ಲೆಕ್ಕವೆಲ್ಲ ಕೆಡುತ್ತದೆಂದು ಮೊದಲೇ ಹೇಳಬಾರದಿತ್ತೇ? ಇಲ್ಲ, ನೀನು ಹೇಳಿದ್ದೆ. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಓದುವಾಗ ನೆನಪಾದದ್ದು ನಿನ್ನ ಐದನೇ ಇಯತ್ತೆಯ ಬಾಟಲಿ. ಕಳಿತ ಬಾಳೆಹಣ್ಣು ಹಾಕಿ, ಬಾಯಿಗೆ ಅವ್ವನ ಹಳೇ ಸೀರೆಯ ಚೂರು ಕಟ್ಟಿ, ಕಿಟಕಿಯಲ್ಲಿಟ್ಟು ದಿನ ಎಣಿಸುತ್ತಿದ್ದೆ. ಒಂಬತ್ತನೆಯ ದಿನ, ಬೀಗರು ಬರುತ್ತಾರೆಂದು, ನಾನು ಅದಕ್ಕೆ ಕುದಿನೀರು ಸುರಿದೆ. ಗಾಜಿನ ಒಳಮೈಗೆ ಜೀರಿಗೆಯಂತೆ ಅಂಟಿಕೊಂಡಿದ್ದವು ಕೋಶಗಳೆಂದು ಈಗ ತಿಳಿಯಿತು. ಅಂದು ಹೊಲಸು ಎಂದಿದ್ದೆ. 25 ಡಿಗ್ರಿ ಶಾಖದಲ್ಲಿ ತತ್ತಿ ನೊಣವಾಗಲು ಸುಮಾರು 10 ದಿನವೆಂದು ನಿನ್ನ ಹಾಳೆಯಲ್ಲಿದೆ. ನೀನು ಅಳಲಿಲ್ಲ. ಬಾಟಲಿ ತೊಳೆದು ಅದೇ ಕಿಟಕಿಯಲ್ಲಿ ಬೋರಲು ಹಾಕಿದೆ.

ಕೈನೆಸಿನ್ ಎಂಬ ಪ್ರೋಟೀನಿನ ವಿಷಯ ಮಾತ್ರ ಬೇಗ ತಲೆಗೆ ಹತ್ತಿತು. ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಚೀಲದ ಲೆಕ್ಕ ಬರೆದವನಿಗೆ ಹಮಾಲಿ ಎಂದರೇನೆಂದು ಹೇಳಿಕೊಡಬೇಕಿಲ್ಲ. ಜೀವಕೋಶದೊಳಗಿನ ಸೂಕ್ಷ್ಮ ನಳಿಕೆಯ ಮೇಲೆ ಹೆಜ್ಜೆಗೆ 8 ನ್ಯಾನೋಮೀಟರಿನಂತೆ, ಪ್ರತಿ ಹೆಜ್ಜೆಗೂ ಎಟಿಪಿ ಎಂಬ ಶಕ್ತಿ ಕೊಡುವ ಅಣು ಒಂದನ್ನು ಕೂಲಿಯಾಗಿ ಪಡೆದು ಹೊರೆ ಹೊರುವ ಆ ಪ್ರೋಟೀನು ಕೆಟ್ಟರೆ, ಮರಿಹುಳುವಿನ ನರದಲ್ಲಿ ಸರಕು ಸುಗ್ಗಿಯ ಕಾಲದ ಭತ್ತದ ಲಾರಿಗಳಂತೆ ಅಲ್ಲಲ್ಲೇ ಸಾಲುಗಟ್ಟಿ, ಅದರ ಹಿಂಭಾಗದ ಸ್ವಾಧೀನವೇ ತಪ್ಪುತ್ತದೆ. ತತ್ತಿಯಲ್ಲಿಯೂ ಅಷ್ಟೇ: ಆಸ್ಕರ್ ಎಂಬ ಜೀನಿನ ಸಂದೇಶ ಹಿಂಬದಿಗೆ ಮುಟ್ಟದಿದ್ದರೆ ಹುಳುವಿಗೆ ಹೊಟ್ಟೆಯ ಭಾಗ ಮೂಡದು. ಇದನ್ನು ನಮ್ಮ ಹಮಾಲರಿಗೆ ಹೇಳಿದರೆ ಒಬ್ಬ, "ಅದಕ್ಕ ಹೆಜ್ಜಿಗಿಷ್ಟು ಕೂಲಿ ಐತೇನ್ರಿ? ನಮಗ ಚೀಲಕ್ಕಿಷ್ಟು" ಎಂದ. ನನ್ನ ಮಗಳ ಕೆಲಸವೇ ಅದು ಎಂದು ಅವನಿಗೆ ಎರಡು ಸಲ ಹೇಳಿದೆ.

ಆದರೂ ಹೇಳುತ್ತೇನೆ, ಹೊತ್ತಿಗೆ ಸರಿಯಾಗಿ ಉಣ್ಣು, ಅಪರಾತ್ರಿ ಒಬ್ಬಳೇ ಸ್ಕೂಟಿ ಓಡಿಸಬೇಡ, ಕಣ್ಣು ತೋರಿಸಿಕೊ. ಇದೇ ನೊಣಗಳ ಮೇಲೆ ಸಂಶೋಧನೆ ಮಾಡಿದ ವಿಜ್ಞಾನಿ ಮಾರ್ಗನ್ ಹಗಲಿರುಳು ದುಡಿದರೆಂದು ನೀನು ವಾದಿಸುತ್ತೀ. ಅವರು ಬಿಳಿಗಣ್ಣಿನ ನೊಣವನ್ನು ಕಂಡದ್ದು 1910ರಲ್ಲಿ, ನೊಬೆಲ್ ಬಂದದ್ದು 1933ರಲ್ಲಿ. ನಡುವಿನ 23 ವರ್ಷ ಉಪವಾಸವಂತೂ ಇದ್ದಿರಲಿಕ್ಕಿಲ್ಲ.

ಅಂದು ಬೀಗರು ಬರಲೇ ಇಲ್ಲ, ನಿನಗೆ ನೆನಪಿದೆಯೋ ಇಲ್ಲವೋ. ಸಂಜೆಯವರೆಗೆ ದಾರಿ ನೋಡಿ ಮಾಡಿದ ಹೋಳಿಗೆ ನಾವೇ ತಿಂದೆವು. ತಪ್ಪಾಯಿತು ಎಂದು ಆಗಲೇ ಹೇಳಬಹುದಿತ್ತು. ಹತ್ತು ವರ್ಷದ ಹುಡುಗಿಗೆ ಹೇಳುವುದೇನು ಎಂದು ಸುಮ್ಮನಿದ್ದೆ. ಈಗ ಹೇಳುತ್ತಿದ್ದೇನೆ, ಬಾಟಲಿಯದಕ್ಕೂ ಭಾನುವಾರದ್ದಕ್ಕೂ ಸೇರಿಸಿ. ಮದುವೆಯ ಮಾತು ನಿನ್ನ ದೊಡ್ಡಪ್ಪನ ಹತ್ತಿರ ನಾನು ಆಡುತ್ತೇನೆ.

ಮುಂದಿನ ಬುಧವಾರ ರಾತ್ರಿಯ ಬೆಂಗಳೂರು ಬಸ್ಸಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಹಾಕುತ್ತೇವೆ. ಬಸ್ಸಿನ ನಂಬರು ಹೇಳಲು ಫೋನ್ ಮಾಡುತ್ತೇನೆ, ಎತ್ತಿಕೊ.

ನಿನ್ನ ಅಪ್ಪ