ಹಾರುವ ಏರೋಪ್ಲೇನ್ ಚಿಟ್ಟೆ ಕಾಲು ಚಾಚಿರುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಓದುಗರ ಚಿತ್ರಪುಟದಲ್ಲಿ ‘ಗದ್ದೆಯ ಮೇಲೆ ಹಾರಾಟ’ ಎಂಬ ಅಡಿಬರಹದೊಂದಿಗೆ ಬಂದ ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ) ಹಾರುತ್ತಿಲ್ಲ. ಕಡ್ಡಿಯ ಮೇಲೆ ಕೂತದ್ದನ್ನು ತೆಗೆದು ಆಮೇಲೆ ಕಡ್ಡಿಯನ್ನು ಅಳಿಸಿದ್ದಾರೆ. ಈ ಕೀಟ ಹಾರುವಾಗ ಆರೂ ಕಾಲುಗಳನ್ನು ಎದೆಯ ಅಡಿಗೆ ಮಡಚಿ ಇಟ್ಟುಕೊಳ್ಳುತ್ತದೆ. ಚಿತ್ರದಲ್ಲಿ ನಡುವಿನ ಮತ್ತು ಹಿಂದಿನ ಕಾಲುಗಳು ಏನನ್ನೋ ಹಿಡಿದುಕೊಂಡಂತೆ ಚಾಚಿವೆ. ಬೇಟೆ ಹಿಡಿಯುವಾಗ, ಕೂರಲು ಇಳಿಯುವಾಗ ಕಾಲು ಕೆಳಗೆ ಬಿಡುತ್ತದೆ, ನಿಜ. ಆದರೆ ಆಗ ರೆಕ್ಕೆಗಳು ಹೀಗಿರುವುದಿಲ್ಲ. ಇದರ ಎರಡು ಜೋಡಿ ರೆಕ್ಕೆಗಳು ಬೇರೆಬೇರೆಯಾಗಿ ಬಡಿಯುತ್ತವೆ, ಹಾಗಾಗಿ ಹಾರಾಟದ ಚಿತ್ರದಲ್ಲಿ ಮುಂದಿನ ಜೋಡಿ ಒಂದು ಕೋನದಲ್ಲಿ, ಹಿಂದಿನದು ಇನ್ನೊಂದು ಕೋನದಲ್ಲಿ ಇರುವುದೇ ಹೆಚ್ಚು. ಈ ಚಿತ್ರದಲ್ಲಿರುವಂತೆ ನಾಲ್ಕೂ ಒಂದೇ ಮಟ್ಟದಲ್ಲಿ ತುಸು ಮುಂದಕ್ಕೆ ಬಾಗಿದ್ದು, ತುದಿಯವರೆಗೂ ನರಗಳು ಚೂಪಾಗಿ ಕಂಡರೆ ಅದು ಕೂತ ಭಂಗಿ.

ಚಿತ್ರ ಕಳಿಸಿದವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಹಾರುವುದನ್ನು ತೆಗೆಯಲು ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಬೇಕು, ಇಲ್ಲವೇ ಅದೃಷ್ಟ ಬೇಕು ಎಂಬ ನಂಬಿಕೆ ನಮ್ಮ ಕಡೆ ಬೇರೂರಿದೆ. ಎರಡೂ ಬೇಡ. 70-300 ಅಥವಾ 100-400 ಮಿ.ಮೀ. ಜೂಮ್ ಇದ್ದರೆ ಧಾರಾಳವಾಯಿತು. ಕೆಲಸ ಕೆಡುವುದು ಲೆನ್ಸ್‌ನಿಂದಲ್ಲ, ತೀರಾ ಹತ್ತಿರ ನಿಲ್ಲುವುದರಿಂದ.

ಲೆಕ್ಕ ಹಾಕಿ ನೋಡಿ. ಚಿಕ್ಕ ಸೆನ್ಸರಿನ (ಕ್ರಾಪ್ ಸೆನ್ಸರ್) ಕ್ಯಾಮೆರಾಕ್ಕೆ 400 ಮಿ.ಮೀ. ಹಾಕಿ ಎರಡೂವರೆ ಮೀಟರ್ ದೂರದಲ್ಲಿ ನಿಂತರೆ ಫ್ರೇಮಿನ ಅಗಲ ಬರೀ 13 ಸೆಂ.ಮೀ. ಆಸುಪಾಸು. ಲೆನ್ಸ್ ಬಾಯಿಯ ಅಳತೆ (ಅಪರ್ಚರ್) ಎಫ್/8 ಇದ್ದರೆ ಫೋಕಸ್ ಸಿಗುವ ಆಳ ಹೆಚ್ಚೆಂದರೆ 1 ಸೆಂ.ಮೀ. ಅಷ್ಟು ಸಣ್ಣ ಕಿಂಡಿಯಲ್ಲಿ ಓಡುವ ಕೀಟವನ್ನು ಹುಡುಕಿ, ಆ ಒಂದು ಸೆಂಟಿಮೀಟರಿನೊಳಗೆ ಅದನ್ನು ಹಿಡಿಯುವುದು ಯಾರಿಗೂ ಕಷ್ಟವೇ. 4 ಮೀಟರಿಗೆ ಹಿಂದೆ ಸರಿಯಿರಿ: ಫ್ರೇಮ್ 21 ಸೆಂ.ಮೀ. ಆಗುತ್ತದೆ, ಆಳ ಸುಮಾರು 3 ಸೆಂ.ಮೀ. ಆಗುತ್ತದೆ. 300 ಮಿ.ಮೀ. ಲೆನ್ಸ್ ಇದ್ದವರಿಗೆ ಇದೇ ಫಲ 3 ಮೀಟರಿನಲ್ಲಿ. ಕೀಟ ಸಣ್ಣದಾಗಿ ಬರುತ್ತದಲ್ಲ ಎಂದರೆ, ನಾಲ್ಕೂವರೆ ಸೆಂ.ಮೀ. ಉದ್ದದ ದೇಹ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಸಾವಿರದ ಇನ್ನೂರು ಪಿಕ್ಸೆಲ್ ದಾಟುತ್ತದೆ. ನಿಮ್ಮ ಪುಟದಲ್ಲಿ ಎರಡು ಕಾಲಂಗೆ ಕತ್ತರಿಸಿ ಹಾಕಿದರೂ ಒಡೆಯದು.

ಮುಂದಿನ ಮಾತು ಗಾಳಿಯದು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಒಂದೆಡೆ ನಿಂತು ಹಾರುವ ಏರೋಪ್ಲೇನ್ ಚಿಟ್ಟೆ ಗಾಳಿಗೆ ಮುಖ ಕೊಟ್ಟಿರುತ್ತದೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಕೀಟ ನಿಮ್ಮತ್ತ ಮುಖ ಮಾಡುತ್ತದೆ, ಕಣ್ಣಿಗೆ ಫೋಕಸ್ ಸಿಕ್ಕರೂ ಬಾಲ ಮಸುಕು. ಗಾಳಿ ಎಡದಿಂದಲೋ ಬಲದಿಂದಲೋ ಬರುವ ಹಾಗೆ ನಿಂತರೆ ಪಕ್ಕದ ನೋಟ ಸಿಗುತ್ತದೆ, ತಲೆಯಿಂದ ಬಾಲದ ತುದಿಯವರೆಗೆ ಆ ಮೂರು ಸೆಂಟಿಮೀಟರಿನೊಳಗೆ ಬೀಳುತ್ತದೆ. ಬಿಸಿಲು ಬೆನ್ನಿಗೆ, ಗಾಳಿ ಪಕ್ಕಕ್ಕೆ: ಕೆರೆಗೆ ಹೋದೊಡನೆ ಏರಿಯ ಯಾವ ಮಗ್ಗುಲಿನಲ್ಲಿ ಇವೆರಡೂ ಕೂಡಿಬರುತ್ತವೆ ಎಂದು ನೋಡಿಕೊಳ್ಳಬೇಕು. ಸೊರಬ, ಸಾಗರದ ಕಡೆ ಕೆರೆಗಳಿಗೆ ಬರವಿಲ್ಲ, ಒಂದು ಒಗ್ಗದಿದ್ದರೆ ಇನ್ನೊಂದು.

ಯಾವುದನ್ನು ತೆಗೆಯಬೇಕು? ಕಲಿಯುವವರಿಗೆ ಹಳದಿ-ಕಪ್ಪು ಮಚ್ಚೆಯ ರೆಕ್ಕೆಯ ಕಾಮನ್ ಪಿಕ್ಚರ್‌ವಿಂಗ್ ಒಳ್ಳೆಯದು. ಪಾತರಗಿತ್ತಿಯ ಹಾಗೆ ನಿಧಾನ ತೇಲುತ್ತದೆ. ಭೂಮಿ ಹುಣ್ಣಿಮೆಯ ಆಸುಪಾಸು ಗದ್ದೆ ಬಯಲಿನ ಮೇಲೆ, ಶಾಲೆ ಮೈದಾನದ ಮೇಲೆ ಗುಂಪುಗುಂಪಾಗಿ ಸುತ್ತುವ ವಾಂಡರಿಂಗ್ ಗ್ಲೈಡರ್ ಹಗಲು ಕೂರುವುದು ಅಪರೂಪ, ಆದರೆ ಒಂದೇ ಜಾಗವನ್ನು ಸುತ್ತುತ್ತಿರುತ್ತದೆ. (ಇಂಡಿಯಾದಿಂದ ಮಾಲ್ಡೀವ್ಸ್ ಮೇಲೆ ಹಾದು ಆಫ್ರಿಕಾ ಕಡೆಗೆ ಸಮುದ್ರ ದಾಟುತ್ತದೆಂದು ಹೇಳುವುದು ಇದರ ಬಗ್ಗೆಯೇ.) ಎಲ್ಲಕ್ಕಿಂತ ಒಳ್ಳೆಯ ಅವಕಾಶ ಮೊಟ್ಟೆ ಇಡುವಾಗ. ಆರ್ಥೆಟ್ರಮ್ ಎಂಬ ಕುಲದ ಜಾತಿಗಳಲ್ಲಿ ಹೆಣ್ಣು ನೀರಿಗೆ ಬಾಲ ಅದ್ದಿ ಅದ್ದಿ ಏಳುತ್ತಿದ್ದರೆ ಗಂಡು ಅದರ ಮೇಲೆಯೇ ನಿಂತ ಹಾಗೆ ಹಾರುತ್ತಾ ಕಾವಲು ಕಾಯುತ್ತದೆ. ಕೆಲವು ಸೆಕೆಂಡುಗಳೇ ಆದರೂ ಎರಡೂ ಒಂದೇ ಕಡೆ ಇರುತ್ತವೆ. ಆಗುಂಬೆ ಕಡೆಯ ಕಾಡುಹಳ್ಳಗಳಲ್ಲಿ ಈ ಪ್ರಯತ್ನ ಬೇಡ. ಅಲ್ಲಿನ ನೆರಳಿನಲ್ಲಿ ಬೇಕಾದ ಶಟರ್ ವೇಗಕ್ಕೆ ಐಎಸ್‌ಒ (ಸೆನ್ಸರ್ ಬೆಳಕು ಗ್ರಹಿಸುವ ಮಟ್ಟ) ಎಲ್ಲಿಗೋ ಏರಿ ಚಿತ್ರ ಮರಳು ಮರಳಾಗುತ್ತದೆ. ಅಲ್ಲಿ ಕೂತದ್ದನ್ನೇ ತೆಗೆಯಿರಿ.

ಮಂಜು ಕರಗಿ ಬಿಸಿಲು ಏರಿದ ಮೇಲೆ, ಒಂಬತ್ತರಿಂದ ಹನ್ನೊಂದು ಸರಿಯಾದ ಹೊತ್ತು. ಅದಕ್ಕೆ ಮೊದಲು ಮೈ ಬೆಚ್ಚಗಾಗದೆ ಅವು ಹಾರುವುದಿಲ್ಲ, ಮಧ್ಯಾಹ್ನ ನೀರಿನ ಮೇಲಿನ ಬಿಸಿಗಾಳಿಯ ನಡುಕ ಚಿತ್ರವನ್ನು ಮೃದು ಮಾಡುತ್ತದೆ. ಶಟರ್ 1/2000 ಸೆಕೆಂಡ್, ಎಫ್/8, ಐಎಸ್‌ಒ 800ರಿಂದ ಶುರು ಮಾಡಿ. ರೆಕ್ಕೆ ಸೆಕೆಂಡಿಗೆ ಸುಮಾರು 30 ಸಲ ಬಡಿಯುವುದರಿಂದ 1/2000ರಲ್ಲಿ ರೆಕ್ಕೆಯ ತುದಿ ಒಂದೆರಡು ಮಿಲಿಮೀಟರ್ ಸರಿದಿರುತ್ತದೆ, ಅಷ್ಟು ಮಸುಕು ಬಂದೇ ಬರುತ್ತದೆ. ಅದು ದೋಷವಲ್ಲ, ಹಾರಾಟದ ಗುರುತು. ತುದಿಯೂ ಚೂಪಾಗಬೇಕೆಂದರೆ 1/4000ಕ್ಕೆ ಹೋಗಿ. ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಮ್ಯಾನ್ಯುಯಲ್‌ನಲ್ಲಿರಲಿ. ಆಟೋದಲ್ಲಿ ಬಿಟ್ಟರೆ ಹಿನ್ನೆಲೆ ಆಕಾಶವಾದ ಕ್ಷಣ ಕೀಟ ಕಪ್ಪಾಗುತ್ತದೆ, ಹಿನ್ನೆಲೆ ಕಪ್ಪು ನೀರಾದ ಕ್ಷಣ ಬಿಳುಚುತ್ತದೆ. ಬಿಸಿಲಿನಲ್ಲಿರುವ ಹಸಿರು ಹುಲ್ಲಿನ ಮೇಲೆ ಬೆಳಕು ಅಳೆದು ಅಲ್ಲಿಗೇ ನಿಲ್ಲಿಸಿ.

ಫೋಕಸ್‌ಗೆ ಎರಡು ದಾರಿ. ಹಿನ್ನೆಲೆ ಬರೀ ಆಕಾಶವೋ ದೂರದ ಗುಡ್ಡವೋ ಆಗಿದ್ದರೆ ಕೀಟ ಸರಿದಂತೆ ಫೋಕಸ್ ಬದಲಿಸುತ್ತಲೇ ಇರುವ ಕಂಟಿನ್ಯುಯಸ್ ಆಟೋಫೋಕಸ್, ಫ್ರೇಮಿನ ಒಂದು ಭಾಗದಲ್ಲಷ್ಟೇ ಹುಡುಕುವ ಝೋನ್ ಮೋಡ್ ಸಾಕು. ಹಿಂದೆ ಜೊಂಡು, ಪೈರು ಇದ್ದರೆ ಆಟೋಫೋಕಸ್ ಅದಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಆಗ ಹಳೆಯ ಉಪಾಯವೇ ಗತಿ: ಗಸ್ತು ತಿರುಗುವ ಗಂಡು ಎಲ್ಲಿ ತಿರುವು ತೆಗೆದುಕೊಳ್ಳುತ್ತದೆ ಎಂದು ಐದಾರು ಸುತ್ತು ನೋಡಿ, ಅಷ್ಟೇ ದೂರದ ಒಂದು ಎಲೆಗೆ ಫೋಕಸ್ ಮಾಡಿ, ಲೆನ್ಸ್ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಳ್ಳಿ ಬಿಡಿ. ಜೂಮ್ ಮುಟ್ಟಬೇಡಿ, ಹಲವು ಲೆನ್ಸ್‌ಗಳಲ್ಲಿ ಫೋಕಸ್ ಜಾರುತ್ತದೆ. ತಿರುವಿನಲ್ಲಿ ವೇಗ ತಗ್ಗುತ್ತದೆ. ಎರಡೂ ಕಣ್ಣು ತೆರೆದು, ಹೊರಗಿನ ಕಣ್ಣಿನಲ್ಲಿ ಕೀಟ ಬರುವುದನ್ನು ಕಂಡು, ಅದು ತಿರುವಿಗೆ ಮುಟ್ಟುವ ತುಸು ಮೊದಲೇ ಎಂಟು-ಹತ್ತು ಫ್ರೇಮಿನ ಸಣ್ಣ ಬರ್ಸ್ಟ್ (ಒಂದರ ಹಿಂದೊಂದು ಕ್ಲಿಕ್) ಹೊಡೆಯಿರಿ. ಉದ್ದಕ್ಕೆ ಒತ್ತಿ ಹಿಡಿದರೆ ಚಿತ್ರಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಬಫರ್ ತುಂಬಿ, ಬೇಕಾದ ಹೊತ್ತಿಗೆ ಕ್ಯಾಮೆರಾ ಸುಮ್ಮನಾಗುತ್ತದೆ. ಟ್ರೈಪಾಡ್ ಮನೆಯಲ್ಲೇ ಇರಲಿ.

‘ಲೆನ್ಸ್ ಫೋಕಸ್ಸೇ ಆಗುತ್ತಿಲ್ಲ’ ಎನ್ನುವವರು ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಸ್ವಿಚ್, ಅಂದರೆ ಫೋಕಸ್ ಲಿಮಿಟರ್ ನೋಡಿಕೊಳ್ಳಿ. ಸಿಗ್ಮಾ 150-600 ಕಂಟೆಂಪರರಿ ಲೆನ್ಸ್‌ನಲ್ಲಿ ಅದಕ್ಕೆ ಮೂರು ಸ್ಥಾನ: ಪೂರ್ತಿ, 10 ಮೀಟರಿನಾಚೆ, 2.8ರಿಂದ 10 ಮೀಟರ್. ಮಂಡಗದ್ದೆಯಲ್ಲೋ ಗುಡವಿಯಲ್ಲೋ ಹಕ್ಕಿ ತೆಗೆದು 10 ಮೀಟರಿನಾಚೆ ಎಂದೇ ಬಿಟ್ಟಿದ್ದರೆ 4 ಮೀಟರಿನ ಕೀಟ ಹಿಡಿಯುವುದೇ ಇಲ್ಲ. ಇನ್ನೊಂದು ತೊಂದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನದು (ಸೈಲೆಂಟ್ ಶಟರ್). ಸೆನ್ಸರ್ ಸಾಲುಸಾಲಾಗಿ ನಿಧಾನ ಓದುವ ಕ್ಯಾಮೆರಾಗಳಲ್ಲಿ ರೆಕ್ಕೆ ರಬ್ಬರಿನಂತೆ ಬಾಗಿ ಬರುತ್ತದೆ, ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿದರೆ ಸರಿ. ಲೆನ್ಸ್ ಮುಂದೆ ಹಾಕಿದ ಅಗ್ಗದ ಯುವಿ ಫಿಲ್ಟರ್ ಗಾಜನ್ನು ತೆಗೆದಿಡಿ.

ನಮ್ಮ ಮಳೆಗಾಲದ ತೇವಕ್ಕೆ ಲೆನ್ಸ್‌ನೊಳಗೆ ಬೂಸ್ಟು ಹಿಡಿಯುವುದು ಹೊಸದಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಟ್ಟು, ತೇವಾಂಶ 40ರಿಂದ 50 ಶೇಕಡಾ ಇರುವಂತೆ ನೋಡಿಕೊಳ್ಳಬೇಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಬಹುದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡಬೇಡಿ, ಹೊಗೆಯ ಜಿಡ್ಡು ಗಾಜಿಗೆ ಹತ್ತುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ಚಿತ್ರಪುಟಕ್ಕೆ ಹಾರಾಟದ ಚಿತ್ರ ಕಳಿಸುವವರಿಂದ ಕ್ಯಾಮೆರಾ ಉಳಿಸಿದ, ತಿದ್ದದ ಮೂಲ ರಾ ಫೈಲನ್ನೂ, ಅದರ ಹಿಂದಿನ ಮತ್ತು ಮುಂದಿನ ಫ್ರೇಮನ್ನೂ ಕೇಳಿ ತರಿಸಿಕೊಳ್ಳಿ. ನಿಜವಾಗಿ ಹಾರುತ್ತಿದ್ದರೆ ಮೂರರಲ್ಲೂ ಕೀಟದ ಜಾಗ, ರೆಕ್ಕೆಯ ಕೋನ ಬೇರೆಬೇರೆ ಇರುತ್ತದೆ. ಬರ್ಸ್ಟ್ ಹೊಡೆದವರಿಗೆ ಅವನ್ನು ಕಳಿಸುವುದು ಕಷ್ಟವೇನಲ್ಲ. ಕೂತ ಚಿತ್ರ ಚೆನ್ನಾಗಿದ್ದರೆ ಅದನ್ನೂ ಹಾಕಿ, ಕಡ್ಡಿ ಸಮೇತ.

— ಓದುಗ, ಸಾಗರ