ಅಮ್ಮನಿಗಿಂತ ಮೊದಲು ಅತ್ತಿಗೆಯನ್ನು ನೋಡು

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ಅಮ್ಮನ ಮರೆವಿಗೆ ಹೊಸ ಮಾತ್ರೆ ಏನಾದರೂ ಬಂದಿದೆಯಾ ಅಂತ ಕೇಳಿದ್ದೀಯ. ಡಿಮೆನ್ಶಿಯಾ ವಾಸಿ ಮಾಡುವ ಮಾತ್ರೆ ಇಲ್ಲ, ಡಾಕ್ಟರು ಕೊಟ್ಟದ್ದೇ ನಡೆಯಲಿ. ಈ ಕಾಗದ ಅತ್ತಿಗೆಯ ವಿಷಯಕ್ಕೆ. ಅವರು ಮಲಗಿಬಿಟ್ಟರೆ ಅಮ್ಮನನ್ನು ನೋಡುವವರು ಯಾರು?

"ಏನಾದರೂ ಬೇಕಾ?" ಅಂತ ಅವರನ್ನು ಕೇಳಬೇಡ. ಆರೈಕೆ ಮಾಡುವವರು "ಏನೂ ಬೇಡ, ನಡೀತಿದೆ" ಅಂತಲೇ ಹೇಳುವುದು. ರಾತ್ರಿ ಎಷ್ಟು ಸಲ ಎದ್ದರು, ಒಬ್ಬರೇ ಹೊರಗೆ ಹೋಗಿ ಎಷ್ಟು ದಿನವಾಯಿತು, ಸೊಂಟ ನೋಯುತ್ತಿದೆಯಾ, ತಮ್ಮ ಬಿಪಿ ನೋಡಿಸಿಕೊಂಡರಾ, ಹೀಗೆ ಕೇಳು. ಈ ಹೊರೆ ಅಳೆಯಲು ಝರಿಟ್ ಎಂಬ ಪ್ರಶ್ನಾವಳಿಯೇ ಇದೆ. 22 ಪ್ರಶ್ನೆ, ಒಂದೊಂದಕ್ಕೆ 0ರಿಂದ 4 ಅಂಕ. ಅಂಕ ಏರಿದಷ್ಟೂ ಹೊರೆ ಹೆಚ್ಚು. ಡಾಕ್ಟರ ಹತ್ತಿರ ಕೇಳಿ, ಅತ್ತಿಗೆ ಒಬ್ಬರೇ ಕೂತು ತುಂಬಲಿ. ನೀನು ಪಕ್ಕದಲ್ಲಿದ್ದರೆ ನಿಜ ಬರೆಯುವುದಿಲ್ಲ.

ಎಲ್ಲಕ್ಕಿಂತ ಮೊದಲು ನಿದ್ದೆ. ವಾರಕ್ಕೆ ಎರಡು ರಾತ್ರಿಯಾದರೂ ಅತ್ತಿಗೆ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು, ಅಮ್ಮನ ಕೋಣೆಯಲ್ಲಿ ನೀನಿರಬೇಕು. ಒಂದು ಕಿವಿ ಅಮ್ಮನ ಕಡೆ ಇಟ್ಟು ಮಲಗುವುದು ನಿದ್ದೆಯ ಲೆಕ್ಕಕ್ಕೆ ಬರುವುದಿಲ್ಲ. ಅಮ್ಮನ ಹಗಲು ನಿದ್ದೆ ಅರ್ಧ ಗಂಟೆಗೆ ಮುಗಿಯಲಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ. ನೀರು ಕಡಿಮೆ ಮಾಡಬೇಡಿ. ಹೆಚ್ಚಿನ ಪಾಲು ಸಂಜೆಯೊಳಗೆ ಕುಡಿಸಿ. ಬಚ್ಚಲಿನ ದಾರಿಗೆ ರಾತ್ರಿಯಿಡೀ ಸಣ್ಣ ದೀಪ ಇರಲಿ.

ಸಂಜೆ ಐದರಿಂದ ಏಳು ತುಂಬ ಕಷ್ಟದ ಹೊತ್ತು. "ಮನೆಗೆ ಹೋಗಬೇಕು" ಅಂತ ಅಮ್ಮ ಹೊರಡುವುದು ಆಗಲೇ. "ಇದೇ ಮನೆಯಲ್ಲವಾ" ಎಂದರೆ ಜಗಳ. "ಹೋಗೋಣಂತೆ, ಇದೊಂದು ಬಟ್ಟೆ ಮಡಚಿಕೊಡು" ಎಂದರೆ ಎಷ್ಟೋ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ಕತ್ತಲಾಗುವ ಮೊದಲೇ ದೀಪ ಹಾಕಿ, ಟಿವಿ ಆರಿಸಿ. ನೀನು ಬೆಳಗ್ಗೆ ಮಾಡುವ ಸಹಾಯಕ್ಕಿಂತ ಈ ಹೊತ್ತಿನಲ್ಲಿ ಮನೆಯಲ್ಲಿದ್ದರೆ ಹೆಚ್ಚು ಉಪಕಾರ.

ಇನ್ನೊಂದು, ಅತ್ತಿಗೆ ಬಳೆ ಕದ್ದಳು ಅಂತ ಅಮ್ಮ ಅನ್ನುವ ಮಾತು. ಹತ್ತಿರ ಇದ್ದವರ ಮೇಲೇ ಇಂಥ ಆರೋಪ ಬರುತ್ತದೆ. ಇಟ್ಟ ಜಾಗ ಮರೆತಾಗ ಮನಸ್ಸು ಒಬ್ಬ ಕಳ್ಳನನ್ನು ಹುಡುಕಿಕೊಳ್ಳುತ್ತದೆ. ವಿಚಾರಣೆ ಮಾಡಬೇಡ, ಅಮ್ಮನ ಜೊತೆಗೇ ಹುಡುಕು. ನೆಂಟರು ಬಂದ ಹತ್ತು ನಿಮಿಷ ಅಮ್ಮ ಚೆನ್ನಾಗಿಯೇ ಮಾತಾಡುತ್ತಾರೆ. ಅವರು ಹೋಗುತ್ತಾ "ಏನೂ ಆಗಿಲ್ಲವಲ್ಲ" ಅಂದುಬಿಡುತ್ತಾರೆ. ಆಗ ಅತ್ತಿಗೆಯ ಪರ ಮಾತಾಡಬೇಕಾದವನು ನೀನು, ಅದೂ ಆ ನೆಂಟರ ಎದುರಿಗೇ.

ಸ್ನಾನಕ್ಕೆ ಹಠ ಮಾಡಿದರೆ ಅವತ್ತು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಕುವಾಗ ನೀರು ಪಾದದಿಂದ ಶುರುವಾಗಲಿ, ತಲೆಗೆ ಕೊನೆಯಲ್ಲಿ. ಹೆಗಲ ಮೇಲೊಂದು ಟವೆಲ್ ಇರಲಿ.

ಒಂದೆರಡು ದಿನದಲ್ಲೇ ಗೊಂದಲ ದಿಢೀರನೆ ಹೆಚ್ಚಿದರೆ ಕಾಯಿಲೆ ಬಲಿಯಿತು ಅಂತ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಮಾತ್ರೆ, ಯಾವುದಾದರೂ ಕಾರಣ ಇದ್ದೀತು. ಅದೇ ದಿನ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನಿಂದ ಶೀತದ ಮಾತ್ರೆ, ನಿದ್ದೆ ಮಾತ್ರೆ ನೀವೇ ತಂದು ಕೊಡಬೇಡಿ. ಅವುಗಳಲ್ಲಿ ಹಲವು ಗೊಂದಲ ಹೆಚ್ಚಿಸುತ್ತವೆ.

ಆಯಾ ಇಡುವುದು ಸರಿ, ಸಂಬಳ ನನ್ನದು. ಆದರೆ ಮೊದಲ ದಿನವೇ ಅಮ್ಮನನ್ನು ಅವರಿಗೆ ಒಪ್ಪಿಸಿ ಹೊರಟರೆ ಅಮ್ಮ ಸೇರಿಸುವುದಿಲ್ಲ, ನೀವು "ಇದು ಆಗದ ಮಾತು" ಅಂತ ಬಿಟ್ಟುಬಿಡುತ್ತೀರಿ. ದಿನಕ್ಕೆ ಎರಡು ಗಂಟೆ, ಅದೇ ಹೊತ್ತು, ಅದೇ ಹೆಂಗಸು. ಮೊದಲ ವಾರ ಅತ್ತಿಗೆಯೂ ಜೊತೆಗಿರಲಿ. ಆಮೇಲೆ ಆ ಎರಡು ಗಂಟೆ ಅವರು ಮನೆಯಿಂದ ಹೊರಗಿರಲೇಬೇಕು, ಇಲ್ಲದಿದ್ದರೆ ಅಡುಗೆಮನೆಯೇ ನುಂಗಿಬಿಡುತ್ತದೆ.

ನನ್ನ ವಿಡಿಯೋ ಕಾಲ್ ಅತ್ತಿಗೆಗೆ ಬಿಡುವಲ್ಲ, ಫೋನ್ ಹಿಡಿದು ನಿಲ್ಲುವವರು ಅವರೇ ತಾನೆ? ಇನ್ನು ಮೇಲೆ ನೀನಿರುವಾಗಲೇ ಮಾಡುತ್ತೇನೆ. ಭಾನುವಾರದೊಳಗೆ ಆ ಎರಡು ರಾತ್ರಿ ಯಾವುವು ಅಂತ ಅತ್ತಿಗೆಯನ್ನೇ ಕೇಳಿ ಗೊತ್ತುಮಾಡಿರು.

ಇಂತಿ,
ನಿನ್ನ ತಂಗಿ