ಒಂದೇ ಕಂತಿಗೆ ಬರುವವಳು

ಚಿ. ಮೇಘಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ವೆಬ್ ಸೀರೀಸ್‌ನ ಸ್ಕ್ರಿಪ್ಟ್ ಓದಿದೆ. ಕಥೆ ಚೆನ್ನಾಗಿ ಓಡುತ್ತದೆ. ಆದರೆ ಮೂರನೇ ಕಂತಿನಲ್ಲಿ ಬಂದುಹೋಗುವ ಆ ವಿಜ್ಞಾನಿ ಹೆಂಗಸಿನ ಬಗ್ಗೆ ನನಗೆ ಸಮಾಧಾನವಿಲ್ಲ. ನಾಯಕನಿಗೊಂದು ಸುಳಿವು ಕೊಡುತ್ತಾಳೆ, ಅವನಿಗೆ ಮನಸೋಲುತ್ತಾಳೆ, ಸಾಯುತ್ತಾಳೆ. ಅಲ್ಲಿಗೆ ಅವಳು ಯಾವ ಕೆಲಸಕ್ಕೆ ಬಂದಿದ್ದಳು? ನೀನು ಬರೆದೇ ಇಲ್ಲ.

1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿ ಟಿವಿ ವಾಹಿನಿಯಲ್ಲಿ ಬಂದ, ಬಾಹ್ಯಾಕಾಶ ಹಡಗಿನ ಕಥೆಯ ಹಳೆಯ ಸ್ಟಾರ್ ಟ್ರೆಕ್ ನೋಡು. ನಾನು ಅದನ್ನು ಎಷ್ಟು ಹಚ್ಚಿಕೊಂಡವಳು ಅಂತ ನಿನಗೆ ಗೊತ್ತು. ಕಥೆಯೆಲ್ಲ ಗಂಡಸರ ಸುತ್ತಲೇ ಸುತ್ತುತ್ತದೆ, ನಿಜ. ಆದರೂ ಅತಿಥಿಯಾಗಿ ಬಂದ ಕೆಲವು ಹೆಂಗಸರು ಆ ಒಂದು ಕಂತನ್ನು ತಮ್ಮದಾಗಿಸಿಕೊಂಡೇ ಹೋದರು.

ಮೊದಲು ‘ದಿ ಎಂಟರ್‌ಪ್ರೈಸ್ ಇನ್ಸಿಡೆಂಟ್’ ಹಾಕು. 1968ರದ್ದು. ಬರೆದವರು ಡಿ.ಸಿ. ಫಾಂಟಾನಾ, ಆ ‘ಡಿ’ ಅಂದರೆ ಡೊರೊತಿ. ಶತ್ರುಗಳಾದ ರೋಮ್ಯುಲನ್ನರ ಕಮಾಂಡರ್ ಪಾತ್ರದಲ್ಲಿ ಜೋಆ್ಯನ್ ಲಿನ್‌ವಿಲ್ ಇದ್ದಾರೆ. ನಮ್ಮ ನಾಯಕರಾದ ಕ್ಯಾಪ್ಟನ್ ಕರ್ಕ್ ಮತ್ತು ಅವನ ಕೈಕೆಳಗಿನ ಅಧಿಕಾರಿ ಸ್ಪಾಕ್ ಬಂದಿರುವುದು ಅವಳ ಹಡಗಿನಿಂದ ಕಳವು ಮಾಡುವುದಕ್ಕೆ! ಹಡಗನ್ನೇ ಮರೆಮಾಡುವ ಯಂತ್ರವೊಂದು ಅಲ್ಲಿದೆ. ಸ್ಪಾಕ್ ಅವಳನ್ನು ಮಾತಿನಲ್ಲಿ ಹಿಡಿದಿಡುತ್ತಾನೆ, ಅವಳು ಕರಗುತ್ತಾಳೆ. ಆ ಭಾಗ ನನಗೆ ಒಪ್ಪಿಗೆಯಾಗಲಿಲ್ಲ, ಅಷ್ಟು ಎಚ್ಚರದ ಸೇನಾನಿ ಅಷ್ಟು ಬೇಗ ನಂಬುವವಳಲ್ಲ. ಆದರೆ ಮುಂದೇನಾಗುತ್ತದೆ ನೋಡು. ಕರ್ಕ್‌ನ ಹಡಗಿನಲ್ಲಿ ಸೆರೆಯಾಗಿ ನಿಂತಿದ್ದಾಳೆ. ತನ್ನವರೊಂದಿಗೆ ಮಾತಾಡುವ ಅವಕಾಶ ಸಿಕ್ಕ ಕ್ಷಣವೇ, ತಾನೂ ಸಾಯುತ್ತೇನೆಂದು ಗೊತ್ತಿದ್ದೂ, ಈ ಹಡಗನ್ನು ನಾಶಮಾಡಿ ಎಂದು ಆಜ್ಞೆ ಕೊಡುತ್ತಾಳೆ. ಮನಸ್ಸು ಮುರಿದಿದೆ, ಅಧಿಕಾರ ಮರೆತಿಲ್ಲ. ಅವಳ ಹೆಸರು ನಮಗೆ ಕೊನೆಗೂ ತಿಳಿಯುವುದಿಲ್ಲ. ಸ್ಪಾಕ್‌ನ ಕಿವಿಯಲ್ಲಷ್ಟೇ ಹೇಳಿರುತ್ತಾಳೆ. ಹೆಸರಿಲ್ಲದೆಯೂ ಆಕೆ ನನಗೆ ಮರೆತುಹೋಗಿಲ್ಲ.

ಅದೇ ವರ್ಷದ ‘ಈಸ್ ದೇರ್ ಇನ್ ಟ್ರೂತ್ ನೋ ಬ್ಯೂಟಿ?’ ನಿನಗೆ ಇನ್ನೂ ಹೆಚ್ಚು ಬೇಕಾದದ್ದು. ಬರೆದ ಜೀನ್ ಲಿಸೆಟ್ ಅರೋಸ್ಟ್ ವೃತ್ತಿಯಿಂದ ಗ್ರಂಥಪಾಲಕಿ. ಡಯಾನಾ ಮಲ್ಡೌರ್ ಮಾಡಿದ ಡಾ. ಮಿರಾಂಡಾ ಜೋನ್ಸ್‌ಗೆ ಕಣ್ಣು ಕಾಣದು. ಸುತ್ತಲಿನದನ್ನು ತಿಳಿಸುವ ಸಂವೇದಕಗಳ ಜಾಲವನ್ನು ಉಡುಪಿನ ಮೇಲೆ ಧರಿಸಿ, ಕುರುಡುತನವನ್ನು ಯಾರಿಗೂ ಗೊತ್ತಾಗದಂತೆ ಇಟ್ಟಿದ್ದಾಳೆ. ಕರುಣೆ ಬೇಡ ಅವಳಿಗೆ. ನೋಡಿದವರಿಗೆ ಹುಚ್ಚು ಹಿಡಿಸುವ ರೂಪದ ರಾಯಭಾರಿ ಕೊಲೋಸ್‌ನ ಜೊತೆ ಮನಸ್ಸು ಬೆಸೆಯುವುದು ಅವಳ ಗುರಿ. ಆ ಕೆಲಸ ತನಗಿಂತ ಮೊದಲು ಸ್ಪಾಕ್‌ಗೆ ಸಿದ್ಧಿಸಿದಾಗ ಅಸೂಯೆಯಿಂದ ಬೇಯುತ್ತಾಳೆ. ಅವನು ಹುಚ್ಚಿನ ಅಂಚಿಗೆ ಬಿದ್ದಾಗ ಉಳಿಸಬಲ್ಲವಳು ಅವಳೊಬ್ಬಳೇ, ಆಗಲೂ ಅವಳ ಮನಸ್ಸು ಹೊಯ್ದಾಡುತ್ತದೆ. ಕೊನೆಗೆ ಉಳಿಸುತ್ತಾಳೆ. ಆ ಅಸೂಯೆಯನ್ನು ತೆಗೆದಿದ್ದರೆ ಒಳ್ಳೆಯವಳೆನಿಸಿಕೊಂಡು ಸಪ್ಪೆಯಾಗುತ್ತಿದ್ದಳು. ನಿನ್ನ ವಿಜ್ಞಾನಿಗೂ ಒಂದು ಕೆಟ್ಟ ಆಸೆ ಇರಲಿ, ಮಗಳೇ.

ಹಾಗಂತ ಕೈಗೆ ಬಂದೂಕು ಕೊಟ್ಟು, ಎರಡು ಖಡಕ್ ಡೈಲಾಗ್ ಬರೆದು, ಗಟ್ಟಿಗಿತ್ತಿಯನ್ನು ಮಾಡಿದೆ ಅಂದುಕೊಳ್ಳಬೇಡ. 1967ರ ‘ಅಮೋಕ್ ಟೈಮ್’ನಲ್ಲಿ ಸ್ಪಾಕ್‌ಗೆ ನಿಶ್ಚಯವಾದ ಟಿ'ಪ್ರಿಂಗ್ ಆಡುವುದೇ ನಾಲ್ಕು ಮಾತು, ದನಿಯನ್ನೂ ಏರಿಸುವುದಿಲ್ಲ. ತನಗಾಗಿ ಸ್ಪಾಕ್‌ನೊಂದಿಗೆ ಕಾದಾಡಲು ಪ್ರಿಯಕರನನ್ನು ಬಿಟ್ಟು ಕರ್ಕ್‌ನನ್ನು ಆರಿಸುತ್ತಾಳೆ. ಯಾರು ಗೆದ್ದರೂ ಬೇಕಾದವನು ಅವಳಿಗೇ ಉಳಿಯುತ್ತಾನೆ. ಆ ಲೆಕ್ಕಕ್ಕೆ ಸ್ಪಾಕ್‌ನೇ ತಲೆದೂಗುತ್ತಾನೆ.

‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಕಂತಿನ, ಎಲ್ಲರೂ ಹೊಗಳುವ ಈಡಿತ್ ಕೀಲರ್‌ಳನ್ನು ಮಾತ್ರ ಮಾದರಿ ಮಾಡಿಕೊಳ್ಳಬೇಡ. 1930ರ ನ್ಯೂಯಾರ್ಕ್‌ನಲ್ಲಿ ಹಸಿದವರಿಗೆ ಊಟ ಹಾಕುವ, ದೂರದ ನಾಳೆಯನ್ನು ಕಾಣುವ ಹೆಣ್ಣು. ಜೋನ್ ಕಾಲಿನ್ಸ್ ಸೊಗಸಾಗಿಯೇ ಮಾಡಿದ್ದಾರೆ. ಆದರೆ ಅವಳು ಸಾಯಲೇಬೇಕೆಂದು ತೀರ್ಮಾನಿಸುವವರು ಬೇರೆಯವರು, ಅವಳಿಗದು ತಿಳಿಯುವುದೂ ಇಲ್ಲ. ನೀನು ಬರೆದಿರುವುದು ಅಂಥ ಸಾವನ್ನೇ, ಕೀಲರ್‌ಳಿಗಿದ್ದ ಬದುಕನ್ನು ಕೊಡದೆ.

ಮೂರನೇ ಕಂತನ್ನು ಅವಳು ಬೆಳಿಗ್ಗೆ ಲ್ಯಾಬ್‌ಗೆ ಬರುವಲ್ಲಿಂದ ಮತ್ತೆ ಬರೆ. ನಾಯಕ ಬಾಗಿಲು ತಟ್ಟುವ ಹೊತ್ತಿಗೆ ಅವಳು ತನ್ನ ಕೆಲಸದಲ್ಲಿ ಮುಳುಗಿರಲಿ, ಅವನು ಕಾಯಲಿ. ಸಾಯಲೇಬೇಕಾದರೆ ಅದು ಅವಳೇ ತೆಗೆದುಕೊಂಡ ತೀರ್ಮಾನದಿಂದ ಆಗಲಿ. ಬರೆದು ಮುಗಿದ ಮೇಲೆ ನನಗೆ ಕಳಿಸು, ಅರ್ಧಂಬರ್ಧವಾಗಿದ್ದರೂ ಸರಿ.

ಇತಿ ನಿನ್ನ,
ದೊಡ್ಡಮ್ಮ